ಕರ್ನಾಟಕ ಕರಾವಳಿಯ ಕಡಲ್ಕೊರೆತ ಮತ್ತು ಮಣ್ಣಿನ ಸವಕಳಿ

ಕಾರವಾರ ತಾಲ್ಲೂಕಿನ ಮಾಜಾಳಿಯಿಂದ ಉಳ್ಳಾಲದಾಚೆಯ ತಲಪಾಡಿಯವರೆಗೆ ಸುಮಾರು 320 ಕಿಲೋಮೀಟರ್ ಚಾಚಿದ ಕರ್ನಾಟಕದ ಕರಾವಳಿ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಸೇರಿದೆ. ಇಲ್ಲಿ ನೆಲ ಮೂರು ಬಗೆಯಲ್ಲಿ ಕೆಡುತ್ತದೆ. ಮುಂಗಾರು ಮಳೆ ಗುಡ್ಡದ ಮೇಲ್ಮಣ್ಣನ್ನು ತೊಳೆದು ಹೊಳೆಗೆ ಇಳಿಸುತ್ತದೆ. ಅಲೆಗಳು ದಂಡೆಯ ಮರಳನ್ನು ಎಳೆದೊಯ್ಯುತ್ತವೆ. ಉಬ್ಬರದ ಉಪ್ಪುನೀರು ಅಳಿವೆಯಿಂದ ಒಳನುಗ್ಗಿ ಗದ್ದೆ, ಬಾವಿಗಳನ್ನು ಹಾಳುಗೆಡವುತ್ತದೆ. ಸರಕಾರದ ಕಡತಗಳಲ್ಲಿ ಇವು ಬೇರೆ ಬೇರೆ ಇಲಾಖೆಗಳ ಕೆಲಸ. ನೆಲದ ಮೇಲೆ ಹಾಗಿಲ್ಲ. ಗುಡ್ಡದಿಂದ ಹೊಳೆಗೆ, ಹೊಳೆಯಿಂದ ಅಳಿವೆಗೆ, ಅಳಿವೆಯಿಂದ ದಂಡೆಗೆ ಸಾಗುವ ಮಣ್ಣು-ಮರಳಿಗೆ ಒಂದು ಕಡೆ ಕೈಯಿಟ್ಟರೆ ಅದರ ಫಲ ಇನ್ನೊಂದು ಕಡೆ ಕಾಣುತ್ತದೆ. ಕರಾವಳಿಯಲ್ಲಿ ಇದುವರೆಗೆ ನಡೆದ ಸಂರಕ್ಷಣಾ ಕಾಮಗಾರಿಗಳ ಗೆಲುವು-ಸೋಲು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ನೆಲ, ಮಳೆ, ಹೊಳೆ

ಪಶ್ಚಿಮಘಟ್ಟ ಇಲ್ಲಿ ಕಡಲಿಗೆ ತೀರ ಹತ್ತಿರ. ಕಾರವಾರ, ಅಂಕೋಲಾ, ಭಟ್ಕಳಗಳ ಕೆಲವೆಡೆ ಗುಡ್ಡಗಳು ನೀರಿಗೇ ಇಳಿದು ನಿಂತಿವೆ. ಮಂಗಳೂರಿನ ಕಡೆ ಬಯಲು ತುಸು ಅಗಲ. ವರ್ಷಕ್ಕೆ ಬಯಲಿನಲ್ಲಿಯೇ 3,000ದಿಂದ 4,000 ಮಿ.ಮೀ. ಮಳೆಯಾಗುತ್ತದೆ, ಘಟ್ಟದ ತಲೆಯ ಮೇಲಿನ ಆಗುಂಬೆಯಲ್ಲಿ ಅದು 7,000 ಮಿ.ಮೀ. ದಾಟುವುದುಂಟು. ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವಾರಾಹಿ, ಸೌಪರ್ಣಿಕಾ, ಸೀತಾ, ಸ್ವರ್ಣಾ, ಶಾಂಭವಿ, ಗುರುಪುರ, ನೇತ್ರಾವತಿ ಎಲ್ಲವೂ ಉದ್ದ ಕಡಿಮೆ, ಇಳಿಜಾರು ಹೆಚ್ಚು ಎನ್ನುವಂಥ ಹೊಳೆಗಳು. ಕಾಳಿಯ ಉದ್ದವೇ ಬರೀ 184 ಕಿ.ಮೀ. ಇಂಥ ಹೊಳೆಗಳು ಮಳೆಗಾಲದಲ್ಲಿ ಕೆಂಪಾಗಿ ಹರಿಯುವುದನ್ನು ಸಹಜವೆಂದೇ ಎಲ್ಲರೂ ನೋಡುತ್ತ ಬಂದಿದ್ದಾರೆ. ಆ ಕೆಂಪು ಗುಡ್ಡದ ಮೇಲ್ಮಣ್ಣಿನದು.

ಕರಾವಳಿಯ ಮುಖ್ಯ ಮಣ್ಣು ಜಂಬಿಟ್ಟಿಗೆ. ಮುರಕಲ್ಲು, ಕೆಂಪುಕಲ್ಲು, ಚಿರೇಕಲ್ಲು ಎಂದು ಊರಿಗೊಂದು ಹೆಸರಿದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರಂನಲ್ಲಿ ಕಂಡ ಈ ಕಲ್ಲಿಗೆ 1807ರ ತನ್ನ ಗ್ರಂಥದಲ್ಲಿ ಲ್ಯಾಟರೈಟ್ ಎಂಬ ಹೆಸರಿಟ್ಟ. ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವುದು ಇದರ ಗುಣ. ಲಕ್ಷಾಂತರ ವರ್ಷಗಳ ಮಳೆಗೆ ಸುಣ್ಣ, ಪೊಟ್ಯಾಷಿಯಂ ಮುಂತಾದವು ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದಿರುವುದರಿಂದ ಮಣ್ಣು ಹುಳಿ. ಫಲವತ್ತತೆಯೆಲ್ಲ ಮೇಲಿನ ತೆಳು ಪದರದಲ್ಲಿ ಮಾತ್ರ. ಅದು ಕೊಚ್ಚಿಹೋದರೆ ಉಳಿಯುವುದು ಹುಲ್ಲೂ ಸರಿಯಾಗಿ ಹುಟ್ಟದ ಪಾದೆ. ಗಟ್ಟಿ ಕಲ್ಲಿನ ಕೆಳಗೆ ಅನೇಕ ಕಡೆ ಶೇಡಿಮಣ್ಣಿನ ಪದರ ಇರುತ್ತದೆ. ಒಣಗಿದಾಗ ಬಿಗಿಯಾಗಿ ನಿಲ್ಲುವ ಈ ಬಿಳಿಚು ಜೇಡಿ, ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ (ಎನ್‌ಐಟಿಕೆ) ಎಂಜಿನಿಯರುಗಳು ಶೇಡಿಮಣ್ಣನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿರುವುದು ಈ ಕಾರಣಕ್ಕೇ.

ಗುಡ್ಡದಿಂದ ಇಳಿಯುವ ಜೇಡಿ ಬಹುಪಾಲು ಆಳದ ನೀರಿಗೆ ಹೋಗಿ ಸೇರುತ್ತದೆ. ದಂಡೆ ಕಟ್ಟುವುದು ದಪ್ಪ ಮರಳು. ಇಲ್ಲಿ ಒಂದು ವಿಪರ್ಯಾಸವಿದೆ. ಗುಡ್ಡದ ಮಣ್ಣು ಹಿಂದಿಗಿಂತ ಹೆಚ್ಚು ತೊಳೆದುಹೋಗುತ್ತಿದ್ದರೂ ದಂಡೆಗೆ ಬೇಕಾದ ಮರಳು ಅಷ್ಟೇ ಪ್ರಮಾಣದಲ್ಲಿ ಕೆಳಗೆ ಬರುತ್ತಿಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ, ಅನಂತರ ಗೇರುಸೊಪ್ಪೆ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ. ವಾರಾಹಿಗೆ ಮಾಣಿ — ಹೀಗೆ ಕಟ್ಟಿದ ಅಣೆಕಟ್ಟುಗಳ ಹಿಂದೆ ಮರಳು ತಂಗುತ್ತದೆ. ಕೆಳಗೆ ಬಂದದ್ದನ್ನು ಲಾರಿಗಳು ಒಯ್ಯುತ್ತವೆ. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ವ್ಯಾಪ್ತಿಯಲ್ಲಿ ಮರಳು ಗಣಿಗಾರಿಕೆಗೆ ಅವಕಾಶವಿಲ್ಲವಾದರೂ, ದೋಣಿಗಳ ಓಡಾಟಕ್ಕೆ ಅಡ್ಡಿಯಾಗುವ ದಿಬ್ಬಗಳನ್ನು ತೆರವು ಮಾಡಲು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಪರವಾನಗಿ ಕೊಡುತ್ತ ಬರಲಾಗಿದೆ. ದೋಣಿಗೆ ದಾರಿ ಬೇಕೆಂಬುದು ನಿಜ. ತೆಗೆದ ಮರಳು ದಂಡೆಗೆ ಹೋಗದೆ ಕಟ್ಟಡಗಳಿಗೆ ಹೋಗುತ್ತದೆಂಬುದೂ ಅಷ್ಟೇ ನಿಜ.

ದಂಡೆಯ ಏರಿಳಿತ

ಕಡಲು ದಂಡೆಯನ್ನು ಕೊರೆಯುವುದೆಲ್ಲ ವಿಪತ್ತಲ್ಲ. ಚಳಿಗಾಲ, ಬೇಸಿಗೆಗಳಲ್ಲಿ ಒಂದು ಮೀಟರನ್ನೂ ಮುಟ್ಟದ ಅಲೆಗಳು ಮುಂಗಾರಿನಲ್ಲಿ ಮೂರು ಮೀಟರ್ ಮೀರುತ್ತವೆ. ಆಗ ದಂಡೆಯ ಮರಳು ಕಳಚಿ, ತುಸು ದೂರದಲ್ಲಿ ನೀರಿನಡಿ ದಿಬ್ಬವಾಗಿ ನಿಲ್ಲುತ್ತದೆ. ದೊಡ್ಡ ಅಲೆಗಳು ಆ ದಿಬ್ಬಕ್ಕೆ ಬಡಿದು ಮುರಿಯುವುದರಿಂದ ದಂಡೆಗೆ ಪೆಟ್ಟು ಕಡಿಮೆ. ಅಕ್ಟೋಬರಿನ ಅನಂತರ ಸಣ್ಣ ಅಲೆಗಳು ಅದೇ ಮರಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ದಡಕ್ಕೆ ತಳ್ಳುತ್ತವೆ. ಮೇ ತಿಂಗಳಲ್ಲಿ ಅಗಲವಾಗಿದ್ದ ದಂಡೆ ಜುಲೈಯಲ್ಲಿ ಕಾಣೆಯಾಗಿ ಜನವರಿಯಲ್ಲಿ ತಿರುಗಿ ಬರುವುದು ಮೀನುಗಾರರಾದ ಮೊಗವೀರರಿಗೂ ಖಾರ್ವಿಗಳಿಗೂ ಹೊಸ ಸಂಗತಿಯಲ್ಲ. ಹಳೆಯ ಮೀನುಗಾರ ಕೇರಿಗಳು ಈ ಏರಿಳಿತಕ್ಕೆ ಜಾಗ ಬಿಟ್ಟು ತೆಂಗಿನ ಸಾಲಿನ ಹಿಂದೆ ಇರುತ್ತಿದ್ದವು. ದಂಡೆಗುಂಟ ರಸ್ತೆ, ಕಾಂಕ್ರೀಟು ಮನೆ, ರೆಸಾರ್ಟು ಬಂದ ಮೇಲೆ ಆ ಜಾಗ ಉಳಿಯಲಿಲ್ಲ. ಋತುವಿನ ಕೊರೆತವೇ ಎಷ್ಟೋ ಕಡೆ ಪ್ರಕೃತಿ ವಿಕೋಪದ ಲೆಕ್ಕಕ್ಕೆ ಸೇರಿಕೊಂಡದ್ದು ಹೀಗೆ.

ವರ್ಷಗಳುದ್ದಕ್ಕೂ ದಂಡೆ ಹಿಂದೆ ಸರಿಯುತ್ತ ಹೋದರೆ ಅದು ನಿಜವಾದ ಕಡಲ್ಕೊರೆತ. ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಉಪಗ್ರಹ ಚಿತ್ರಗಳ ನೆರವಿನಿಂದ 1990ರಿಂದ 2018ರವರೆಗಿನ ಬದಲಾವಣೆಯನ್ನು ಅಳೆದಿದೆ. ಅದರ ಪ್ರಕಾರ ದೇಶದ ದಂಡೆಯ ಸುಮಾರು ಮೂರನೇ ಒಂದು ಭಾಗ ಸವೆಯುತ್ತಿದೆ. ಕರ್ನಾಟಕದಲ್ಲಿ ಸವೆಯುವ ಭಾಗ ಸುಮಾರು ಕಾಲು ಪಾಲು, ಅರ್ಧದಷ್ಟು ಸ್ಥಿರ, ಮಿಕ್ಕ ಕಾಲು ಪಾಲಿನಲ್ಲಿ ದಂಡೆ ಬೆಳೆಯುತ್ತಿದೆ. ಎಂದರೆ ಇಡೀ ಕರಾವಳಿ ಕಡಲ ಪಾಲಾಗುತ್ತಿಲ್ಲ. ಒಂದೆಡೆ ಮರಳು ಕೂಡುತ್ತಿದೆ, ಇನ್ನೊಂದೆಡೆ ಕಳೆಯುತ್ತಿದೆ. ಕಳೆಯುವ ಜಾಗಗಳು ಅಳಿವೆಗಳ ಆಸುಪಾಸಿನಲ್ಲಿ, ಬಂದರು ಕಾಮಗಾರಿಗಳ ಪಕ್ಕದಲ್ಲಿ ಹೆಚ್ಚು. ಅಳಿವೆ ಬಾಗಿಲು ತಾನಾಗಿಯೂ ಸ್ಥಳ ಬದಲಿಸುತ್ತದೆ. ಹೊನ್ನಾವರದ ಶರಾವತಿ ಬಾಯಿಯ ಪಾವಿನಕುರ್ವೆ, ಉಡುಪಿಯ ಕೋಡಿ ಬೆಂಗ್ರೆ ಮುಂತಾದ ಮರಳಿನ ನಾಲಗೆಗಳು ಹೊಳೆಯೂ ಕಡಲೂ ಸೇರಿ ಕಟ್ಟಿದ, ಅವೇ ಕೆಡವಬಲ್ಲ ನೆಲ.

ಇದಕ್ಕೆ ಎರಡು ಹೊಸ ಕಾರಣಗಳು ಸೇರಿವೆ. 1901ರಿಂದ 2018ರ ನಡುವೆ ಜಗತ್ತಿನ ಕಡಲ ಮಟ್ಟ ಸರಾಸರಿ 20 ಸೆಂ.ಮೀ. ಏರಿದೆ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳೂ ಹೆಚ್ಚಿವೆ. 2017ರ ಓಖಿ, 2019ರ ಕ್ಯಾರ್, 2021ರ ಮೇ ತಿಂಗಳ ತೌಕ್ತೆ ಎಬ್ಬಿಸಿದ ಅಲೆಗಳು ಮಳೆಗಾಲದ ಹೊರಗಿನ ದಿನಗಳಲ್ಲಿ ದಂಡೆಗೆ ಅಪ್ಪಳಿಸಿದವು. ದಂಡೆ ಚೇತರಿಸಿಕೊಳ್ಳುವ ತಿಂಗಳುಗಳಲ್ಲೇ ಪೆಟ್ಟು ಬಿದ್ದರೆ ಮುಂದಿನ ಮುಂಗಾರಿಗೆ ಎದುರೊಡ್ಡಲು ಮರಳೇ ಇರುವುದಿಲ್ಲ.

ಉಳ್ಳಾಲ

ಕರ್ನಾಟಕದಲ್ಲಿ ಕಡಲ್ಕೊರೆತ ಎಂದೊಡನೆ ಬರುವ ಹೆಸರು ಉಳ್ಳಾಲ. ನೇತ್ರಾವತಿ, ಗುರುಪುರ ಹೊಳೆಗಳು ಮಂಗಳೂರಿನ ಹಳೆ ಬಂದರಿನ ಬಳಿ ಕೂಡಿ ಒಂದೇ ಅಳಿವೆಯಿಂದ ಕಡಲು ಸೇರುತ್ತವೆ. ಅಳಿವೆಯ ಬಡಗು ಮಗ್ಗುಲಲ್ಲಿ ಬೆಂಗ್ರೆ, ತೆಂಕು ಮಗ್ಗುಲಲ್ಲಿ ಕೋಟೆಪುರ. ಎರಡೂ ಹೊಳೆಗೂ ಕಡಲಿಗೂ ನಡುವಿನ ಮರಳ ಪಟ್ಟಿಗಳು. ಮೀನುಗಾರಿಕಾ ದೋಣಿಗಳಿಗೆ ಈ ಅಳಿವೆ ಸದಾ ಅಪಾಯದ ದಾರಿಯಾಗಿತ್ತು. 1990ರ ದಶಕದಲ್ಲಿ ಅಳಿವೆಯ ಎರಡೂ ಬದಿಗೆ ಕಡಲೊಳಕ್ಕೆ ಚಾಚುವ ಬ್ರೇಕ್‌ವಾಟರ್ ಕಟ್ಟಲಾಯಿತು. ದೋಣಿಗಳಿಗೆ ಅನುಕೂಲವಾಯಿತು, ಬೆಂಗ್ರೆಯ ಕಡೆ ಮರಳು ಕೂಡಿ ದಂಡೆ ಬೆಳೆಯಿತು. ಕೋಟೆಪುರ, ಮೊಗವೀರಪಟ್ನ, ಮುಕ್ಕಚ್ಚೇರಿಗಳ ಕಡೆ ಮಳೆಗಾಲವೊಂದು ಕಳೆದರೆ ಮನೆ, ತೆಂಗು, ರಸ್ತೆ ಕಡಲಿಗೆ ಹೋಗುವ ಸ್ಥಿತಿ ಬಂತು. ದಂಡೆಯುದ್ದಕ್ಕೂ ಋತುವಿಗೆ ತಕ್ಕಂತೆ ಅತ್ತಿತ್ತ ಸಾಗುತ್ತಿದ್ದ ಮರಳಿನ ಹಾದಿ ಆ ಕಲ್ಲಿನ ತೋಳುಗಳಿಂದ ಕಡಿದುಹೋಗಿತ್ತು.

ಪ್ರತಿ ವರ್ಷ ಕಲ್ಲು ಹಾಕಿ ಸಾಕಾದ ಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದಲ್ಲಿ ಬೇರೆ ಬಗೆಯ ಪರಿಹಾರವನ್ನು ಯತ್ನಿಸಲಾಯಿತು. ಕರ್ನಾಟಕ, ಮಹಾರಾಷ್ಟ್ರಗಳಿಗಾಗಿ 2010ರಲ್ಲಿ ಮಂಜೂರಾದ 25 ಕೋಟಿ ಡಾಲರ್‌ವರೆಗಿನ ಸಾಲದ ಈ ಯೋಜನೆಯಲ್ಲಿ ಉಳ್ಳಾಲವೇ ಮುಖ್ಯ ಪ್ರಯೋಗಸ್ಥಳ. ಅಳಿವೆಯ ಬ್ರೇಕ್‌ವಾಟರ್‌ಗಳನ್ನು ದುರಸ್ತಿ ಮಾಡಿದರು. ದಂಡೆಗೆ ಹತ್ತಿರವೇ ಬರ್ಮ್ ಎಂಬ ಕಲ್ಲಿನ ದಿಣ್ಣೆಗಳನ್ನು ಕಟ್ಟಿದರು. ಕಡಲೊಳಗೆ ಮರಳು ತುಂಬಿದ ಭಾರಿ ಜಿಯೋಟೆಕ್ಸ್‌ಟೈಲ್ ಚೀಲಗಳಿಂದ ಎರಡು ರೀಫ್‌ಗಳನ್ನು ನಿರ್ಮಿಸಿದರು. ಮಳೆಗಾಲದಲ್ಲಿ ಪ್ರಕೃತಿ ತಾನೇ ಕಟ್ಟಿಕೊಳ್ಳುವ ನೀರಡಿಯ ದಿಬ್ಬದ ಕೆಲಸವನ್ನೇ ರೀಫ್‌ಗಳಿಂದ ಮಾಡಿಸುವುದು ಇದರ ಹಿಂದಿನ ತರ್ಕ. ಅಲೆಯನ್ನು ದಡದಲ್ಲಿ ಎದುರಿಸುವ ಬದಲು ದೂರದಲ್ಲೇ ಮುರಿಯುವುದು, ಕಲ್ಲಿನ ಗೋಡೆಗಿಂತ ಮೇಲಾದ ವಿಚಾರ ಎಂಬುದರಲ್ಲಿ ಸಂಶಯವಿಲ್ಲ. ಕಾಮಗಾರಿ ನಡೆದ ಪಟ್ಟಿಯಲ್ಲಿ ಕೊರೆತ ತಗ್ಗಿತು. ಆದರೆ ಮುಂದಿನ ಮಳೆಗಾಲಗಳಲ್ಲಿ ಸೋಮೇಶ್ವರ, ಉಚ್ಚಿಲ, ಬಟ್ಟಪಾಡಿಯ ಕಡೆಯಿಂದ ಮನೆ, ರಸ್ತೆ ಹೋದ ಸುದ್ದಿ ಹೆಚ್ಚಾಯಿತು. ಮಂಗಳೂರಿನ ತೆಂಕಣ ದಂಡೆಯನ್ನು ಒಂದೇ ಘಟಕವೆಂದು ನೋಡದೆ ಊರು ಊರಿಗೆ ಯೋಜನೆ ಹಾಕಿದರೆ ಹೀಗಾಗುವುದು ತಪ್ಪದು. 2017ರಲ್ಲಿ ಇದೇ ಯೋಜನೆಯ ಮುಂದಿನ ಹಂತಕ್ಕೆ 6.55 ಕೋಟಿ ಡಾಲರ್ ಸಾಲದ ಒಪ್ಪಂದವಾಯಿತು.

ಕಲ್ಲಿನ ಗೋಡೆ

ಹಾಗಿದ್ದರೂ ಜನ ಕೇಳುವುದು ಕಲ್ಲನ್ನೇ, ಸರಕಾರ ಕೊಡುವುದೂ ಕಲ್ಲನ್ನೇ. ಅಂಗಳಕ್ಕೆ ಅಲೆ ಬಂದಿರುವಾಗ ಬೇರೇನನ್ನು ಕೇಳಲು ಸಾಧ್ಯ? ಒಂದೆರಡು ವಾರದಲ್ಲಿ ಲಾರಿಯಲ್ಲಿ ಬಂದು ಬೀಳುವ ಪರಿಹಾರ ಅದೊಂದೇ. ಆದರೆ ಗೋಡೆಗೆ ಬಡಿದ ಅಲೆ ಹಿಂದಿರುಗುವಾಗ ಬುಡದ ಮರಳನ್ನು ತೋಡಿಕೊಂಡು ಹೋಗುತ್ತದೆ. ಎರಡು ಮೂರು ಮಳೆಗಾಲಕ್ಕೆ ಕಲ್ಲು ಕುಸಿದು ಮರಳೊಳಗೆ ಇಳಿಯುತ್ತದೆ. ಮತ್ತೆ ಕಲ್ಲು ಬೇಕು. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಇನ್ನಷ್ಟು ಜೋರು, ಆದ್ದರಿಂದ ಪಕ್ಕದವರಿಗೂ ಗೋಡೆ ಬೇಕು. ಗೋಡೆಯ ಎದುರಿನ ದಂಡೆ ಕಣ್ಮರೆಯಾಗಿ ದೋಣಿ ಎಳೆಯಲು, ಕೈರಂಪಣಿ ಬಲೆ ಹಾಕಲು, ಮೀನು ಒಣಗಿಸಲು ಜಾಗವಿರುವುದಿಲ್ಲ. ಕಲ್ಲು ಬರುವುದು ಒಳನಾಡಿನ ಗುಡ್ಡ ಒಡೆದು. ಅಲ್ಲಿ ಬತ್ತಲಾದ ನೆಲದ ಮಣ್ಣು ಮುಂದಿನ ಮಳೆಗೆ ಹೊಳೆ ಸೇರುತ್ತದೆ.

ಗೋಡೆ ಬೇಡವೇ ಬೇಡ ಎನ್ನಲು ಬಾರದ ಜಾಗಗಳೂ ಇವೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ನಡುವಿನ ಪಟ್ಟಿ ಹೋದರೆ ಹೆದ್ದಾರಿಯೂ ಹೋಯಿತು, ಹೊಳೆಯ ಬಾಯಿಯೂ ಬದಲಾಯಿತು. ಅಲ್ಲಿ ಕಲ್ಲಿನ ಗೋಡೆಯ ಜೊತೆಗೆ ಎಡಿಬಿ ನೆರವಿನ ಯೋಜನೆಯಲ್ಲಿ ದಂಡೆಗೆ ಅಡ್ಡಲಾಗಿ ಕಡಲೊಳಕ್ಕೆ ಚಾಚುವ ಗ್ರಾಯಿನ್‌ಗಳನ್ನು ಕಟ್ಟಿ ಮರಳು ಹಿಡಿದಿಡುವ ಯತ್ನ ನಡೆದಿದೆ. ಕಾಯಲೇಬೇಕಾದ ಇಂಥ ಜಾಗಗಳನ್ನು ಗುರುತಿಸಿ ಅಲ್ಲಿಗಷ್ಟೇ ಗಟ್ಟಿ ಕಟ್ಟಡ ಮೀಸಲಿಡುವುದು ವಿವೇಕ. ಬಂದರು, ಅಳಿವೆಗಳಲ್ಲಿ ಹೂಳೆತ್ತಿದ ಮರಳನ್ನು ಸವೆಯುವ ದಂಡೆಗೆ ಸುರಿಯುವ ಕ್ರಮ ಪುದುಚೇರಿಯಲ್ಲಿ ಫಲ ಕೊಟ್ಟಿದೆ. ಅಲ್ಲಿ ನೀರಡಿಯ ರೀಫ್ ಮತ್ತು ಮರಳು ತುಂಬುವಿಕೆ ಎರಡನ್ನೂ ಸೇರಿಸಿ, ಎಂದೋ ಕಳೆದುಹೋಗಿದ್ದ ದಂಡೆಯ ಒಂದು ಭಾಗವನ್ನು ಮರಳಿ ಪಡೆದಿದ್ದಾರೆ. ನಮ್ಮಲ್ಲಿ ಹೂಳೆತ್ತುವ ಕೆಲಸ ವರ್ಷವೂ ನಡೆಯುತ್ತದೆ, ಅದನ್ನು ದಂಡೆಗೆ ಸುರಿಯುವುದು ಅಪರೂಪ.

ದಿಬ್ಬದ ಬಳ್ಳಿ, ಅಳಿವೆಯ ಕಾಂಡ್ಲಾ

ಮರಳ ದಿಬ್ಬ ದಂಡೆಯ ಉಗ್ರಾಣ. ಗಾಳಿ ತಂದ ಮರಳನ್ನು ಅಡುಂಬು ಬಳ್ಳಿ ಹಬ್ಬಿ ಹಿಡಿಯುತ್ತದೆ. ರಾವಣನ ಮೀಸೆ ಎಂಬ ಮುಳ್ಳುಹುಲ್ಲು ಅದನ್ನು ಎತ್ತರಿಸುತ್ತದೆ. ಹಿಂದೆ ಕೇದಗೆ, ಹೊನ್ನೆ ಬೆಳೆಯುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಕಾರವಾರದ ದಂಡೆಗೆ ಬಂದ ಗಾಳಿಮರ ಅನಂತರ ಅರಣ್ಯ ಇಲಾಖೆಯ ನೆಚ್ಚಿನ ಗಿಡವಾಯಿತು. ಗಾಳಿ ತಡೆಯಲು, ಸೌದೆಗೆ ಅದು ಒಳ್ಳೆಯದು. ಆದರೆ ನೆರಳಿನಲ್ಲಿ, ಉದುರಿದ ಎಲೆಯ ಹಾಸಿನಲ್ಲಿ ಅಡುಂಬು ಬಳ್ಳಿ ಬೆಳೆಯದು. ಅಲೆ ಬುಡಕ್ಕೆ ಬಂದಾಗ ಗಾಳಿಮರಗಳು ಸಾಲಾಗಿ ಉರುಳುತ್ತವೆ. ದಂಡೆಯ ಮುಂಚೂಣಿಗೆ ಬಳ್ಳಿ-ಹುಲ್ಲು, ಮರಗಳು ಹಿಂದಕ್ಕೆ ಎಂಬ ಕ್ರಮ ಪಾಲಿಸಿದರೆ ಖರ್ಚೂ ಕಡಿಮೆ. ಪ್ರವಾಸಿಗರಿಗಾಗಿ ದಿಬ್ಬವನ್ನೇ ಸಪಾಟು ಮಾಡಿ ವಾಹನ ನಿಲ್ಲಿಸುವ ಜಾಗ ಮಾಡುವುದಂತೂ ಶುದ್ಧ ಅವಿವೇಕ.

ಅಳಿವೆಯ ಒಳಗೆ ಇದೇ ಕೆಲಸವನ್ನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಮಾಡುತ್ತವೆ. ಕೆಸರಲ್ಲಿ ಊರಿದ ಬೇರುಗಳು ಅಲೆಯ ವೇಗ ತಗ್ಗಿಸಿ ಹೂಳನ್ನು ಹಿಡಿಯುತ್ತವೆ, ಮೀನು-ಸಿಗಡಿ ಮರಿಗಳಿಗೆ ಆಶ್ರಯ ಕೊಡುತ್ತವೆ. ಭಾರತೀಯ ಅರಣ್ಯ ಸಮೀಕ್ಷೆಯ 2021ರ ವರದಿಯಲ್ಲಿ ಕರ್ನಾಟಕದ ಕಾಂಡ್ಲಾ ವನ 13 ಚದರ ಕಿ.ಮೀ.; ಅದಕ್ಕೆ ಹಿಂದಿನ ವರದಿಯಲ್ಲಿ ಅದು 10 ಇತ್ತು. ಚಿಕ್ಕ ಅಂಕಿಯೇ, ಆದರೂ ಏರುತ್ತಿರುವ ಅಂಕಿ. ಬಹುಪಾಲು ಇರುವುದು ಉತ್ತರ ಕನ್ನಡದಲ್ಲಿ. ಅರಣ್ಯ ಇಲಾಖೆಯ ನೆಡುತೋಪುಗಳೂ ಇದರಲ್ಲಿ ಸೇರಿವೆ.

ಗಜನಿ ಮತ್ತು ಉಪ್ಪು

ಉಪ್ಪುನೀರನ್ನು ಹೊರಗಿಡುವುದರ ಜೊತೆಗೆ ಅದರೊಂದಿಗೆ ಬಾಳುವ ಬೇಸಾಯವನ್ನೂ ಕರಾವಳಿಯ ರೈತರು ರೂಢಿಸಿಕೊಂಡಿದ್ದರು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳು ಇದಕ್ಕೆ ಉತ್ತಮ ನಿದರ್ಶನ. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಕಟ್ಟೆ, ಅದರಲ್ಲಿ ಏರಿಳಿಸುವ ಹಲಗೆ ಬಾಗಿಲು. ಮುಂಗಾರಿನ ಮೊದಲ ಮಳೆಗಳು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತದ ಮೊಳಕೆ ಬಿತ್ತುತ್ತಾರೆ. ಗೊಬ್ಬರ, ಔಷಧಿ ಏನೂ ಬೇಡದ ಈ ತಳಿ ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ಎತ್ತರಕ್ಕೆ ಬೆಳೆಯುತ್ತದೆ. ಕೊಯ್ಲಾದ ಮೇಲೆ ಬಾಗಿಲು ತೆರೆದರೆ ಉಬ್ಬರದ ಜೊತೆ ಸಿಗಡಿ, ಮೀನು ಒಳಬರುತ್ತವೆ. ಕಗ್ಗದ ಕೂಳೆ ಅವಕ್ಕೆ ಮೇವು. ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅಕ್ಕಿ, ಬೇಸಿಗೆಗೆ ಮೀನು.

ಈ ಕಟ್ಟೆಗಳನ್ನು ಊರವರು ಕೂಡಿ ಕಾಯುತ್ತಿದ್ದರು. 1970ರ ದಶಕದಲ್ಲಿ ಖಾರ್‌ಲ್ಯಾಂಡ್ (ಉಪ್ಪುನೆಲ) ಯೋಜನೆಯಡಿ ಸರಕಾರವೇ ಗಟ್ಟಿ ಕಟ್ಟೆ ಕಟ್ಟಿಸಿದ ಮೇಲೆ ಕಾಯುವ ಹೊಣೆ ಯಾರದು ಎಂಬುದು ಅಸ್ಪಷ್ಟವಾಯಿತು. ಮುಂದೆ ಸಿಗಡಿ ಕೃಷಿಯ ಲಾಭ ಕಂಡು ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಗಜನಿಗಳಲ್ಲಿ ಭತ್ತ ನಿಂತಿತು. ಎಷ್ಟೋ ಕಡೆ ರೋಗ ಬಂದು ಸಿಗಡಿಯೂ ನಿಂತಿತು, ಒಡೆದ ಕಟ್ಟೆ ಒಡೆದಂತೆಯೇ ಉಳಿಯಿತು. 1996ರಲ್ಲಿ ಸುಪ್ರೀಂ ಕೋರ್ಟು ಸಿಆರ್‌ಝಡ್ ವ್ಯಾಪ್ತಿಯಲ್ಲಿ ಸಾಂಪ್ರದಾಯಿಕವಲ್ಲದ ಸಿಗಡಿ ಕೆರೆಗಳನ್ನು ತೆರವು ಮಾಡಲು ಆದೇಶಿಸಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು. ಮಾಣಿಕಟ್ಟಾದಂಥ ಕೆಲವು ಊರುಗಳಲ್ಲಿ ಕಗ್ಗ ಇಂದಿಗೂ ಉಳಿದಿದೆ. ಮೇಲೆ ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿದೆ.

ಉಳಿದ ಹೊಳೆಗಳಲ್ಲಿ ಉಪ್ಪು ತಡೆಯುವ ಮುಖ್ಯ ಸಾಧನ ಕಿಂಡಿ ಅಣೆಕಟ್ಟು. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿ ಸಿಹಿನೀರು ನಿಲ್ಲಿಸುತ್ತಾರೆ, ಮುಂಗಾರಿಗೆ ಮೊದಲು ತೆಗೆಯುತ್ತಾರೆ. ಸುತ್ತಲ ಬಾವಿಗಳಿಗೆ ಜೀವ ಬರುವುದು ನಿಜ. ಹಲಗೆ ಹಾಕುವುದು ಒಂದು ತಿಂಗಳು ತಡವಾದರೆ ಆ ವರ್ಷದ ಉಪಯೋಗವಿಲ್ಲ ಎಂಬುದೂ ನಿಜ. ಅಣೆಕಟ್ಟು ಕಟ್ಟಲು ಸಿಗುವ ಹಣ ಹಲಗೆ ಹಾಕುವ ಕೂಲಿಗೆ ಸಿಗುವುದಿಲ್ಲ.

ಗುಡ್ಡದ ಕಡೆ

ಹಳೆಯ ಬೇಸಾಯ ಪದ್ಧತಿ ನೆಲವನ್ನು ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಎಂದು ಮೂರು ಮಟ್ಟಗಳಲ್ಲಿ ನೋಡುತ್ತಿತ್ತು. ಮೆಟ್ಟಿಲು ಗದ್ದೆ, ಕಟ್ಟಹುಣಿ (ಗದ್ದೆಯ ಬದು), ಮದಗ (ಕೆರೆ) ಇವು ಮೇಲಿನ ನೀರನ್ನು ತಡೆತಡೆದು ಇಳಿಸುತ್ತಿದ್ದವು. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಲ್ಲಿ ಹುಣಿ ಒಡೆಯಿತು. ಗುಡ್ಡವನ್ನು ಜೆಸಿಬಿಯಿಂದ ಸಮತಟ್ಟು ಮಾಡಿ ರಬ್ಬರು, ಅಡಿಕೆ ಹಾಕಿದಲ್ಲಿ ಮೊದಲ ಕೆಲವು ವರ್ಷ ಮಣ್ಣು ಧಾರಾಳವಾಗಿ ಹರಿಯಿತು. ಗೇರುತೋಟಗಳಿಗೆ ಇಳಿಜಾರಿನಲ್ಲಿ ಅರ್ಧಚಂದ್ರಾಕಾರದ ಬದು, ತೆಂಗಿನ ಸಿಪ್ಪೆ ಹೂತ ಕಾಲುವೆ, ನೆಲ ಮುಚ್ಚುವ ದ್ವಿದಳ ಬಳ್ಳಿಗಳನ್ನು ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುತ್ತಾರೆ. ಲಾಮಂಚದ ಸಾಲು ಬದುವನ್ನು ಹಿಡಿದಿಡುತ್ತದೆ. ಇವೆಲ್ಲ ಸಣ್ಣ ಖರ್ಚಿನವು, ರೈತ ಒಬ್ಬನೇ ಮಾಡಬಲ್ಲಂಥವು.

ಒಬ್ಬನಿಂದ ಆಗದ್ದು ಹೆದ್ದಾರಿಗಾಗಿ ಲಂಬವಾಗಿ ಕಡಿದ ಗುಡ್ಡವನ್ನು ಕಾಯುವುದು. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಜರಿದು ಮನೆಗಳು ಹೂತುಹೋದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡ ಕುಸಿದು ಜನರೊಂದಿಗೆ, ಲಾರಿಗಳೊಂದಿಗೆ ಗಂಗಾವಳಿ ಹೊಳೆಗೆ ಬಿತ್ತು. ಎದುರು ದಡದ ಉಳುವರೆಯ ಮನೆಗಳೂ ಹೊಳೆಯ ನೀರು ಉಕ್ಕಿ ನಾಶವಾದವು. ಕಡಿದ ಇಳಿಜಾರಿಗೆ ಮೆಟ್ಟಿಲು ಕೊಡುವುದು, ಮೇಲಿನ ನೀರಿಗೆ ಬೇರೆ ಚರಂಡಿ ಮಾಡುವುದು ಎಂಜಿನಿಯರಿಂಗಿನ ಮೊದಲ ಪಾಠಗಳು.

ಕಾನೂನು ಮತ್ತು ಆಡಳಿತ

ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಮೊದಲ ಅಧಿಸೂಚನೆ ಹೊರಟದ್ದು 1991ರ ಫೆಬ್ರುವರಿಯಲ್ಲಿ; 2011, 2019ರಲ್ಲಿ ಹೊಸವು ಬಂದವು. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಇದರ ವ್ಯಾಪ್ತಿ. ಗ್ರಾಮೀಣ ದಂಡೆಯಲ್ಲಿ ಮೊದಲು 200 ಮೀಟರ್ ಇದ್ದ ನಿರ್ಮಾಣ ನಿಷೇಧವನ್ನು, 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ 2019ರ ಅಧಿಸೂಚನೆ 50 ಮೀಟರಿಗೆ ಇಳಿಸಿತು. ಮನೆ ಕಟ್ಟಲು ಜಾಗವಿಲ್ಲದ ಮೀನುಗಾರರಿಗೆ ಇದರಿಂದ ಅನುಕೂಲವಿದೆ. ಸವೆಯುವ ದಂಡೆಯಲ್ಲಿ 50 ಮೀಟರ್ ಎಂಬುದು ಕೆಲವೇ ಮಳೆಗಾಲಗಳ ಅಂತರ ಎಂಬುದನ್ನು ಮಾತ್ರ ಆ ಅಧಿಸೂಚನೆ ಸಾಕಷ್ಟು ಗಣಿಸಿಲ್ಲ.

ದಂಡೆಯ ಗೋಡೆ ಬಂದರು ಇಲಾಖೆಯದು, ಕಿಂಡಿ ಅಣೆಕಟ್ಟೂ ಖಾರ್‌ಲ್ಯಾಂಡ್ ಕಟ್ಟೆಯೂ ಸಣ್ಣ ನೀರಾವರಿ ಇಲಾಖೆಯದು, ಕಾಂಡ್ಲಾ ಅರಣ್ಯ ಇಲಾಖೆಯದು, ಮರಳು ಗಣಿ ಇಲಾಖೆಯದು, ಹೆದ್ದಾರಿಯ ಗುಡ್ಡ ಕೇಂದ್ರದ್ದು. ಹದಿನೈದನೇ ಹಣಕಾಸು ಆಯೋಗ 2021-26ರ ಅವಧಿಗೆ ಕೊರೆತ ತಡೆಯುವ ಕೆಲಸಕ್ಕೆ 1,500 ಕೋಟಿ ರೂಪಾಯಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಇಡಲು ಶಿಫಾರಸು ಮಾಡಿತು. ಹೊಳೆಯ ಕೊರೆತ, ಕಡಲಿನ ಕೊರೆತ ಎರಡೂ ಸೇರಿ, ಇಡೀ ದೇಶಕ್ಕೆ ಇಷ್ಟು. ಈ ಮೊತ್ತದಲ್ಲಿ 320 ಕಿ.ಮೀ.ಗೂ ಗೋಡೆ ಕಟ್ಟಲಾಗದು, ಕಟ್ಟಬೇಕಾಗಿಯೂ ಇಲ್ಲ. ಹೂಳೆತ್ತಿದ ಮರಳು ದಂಡೆಗೇ ಸೇರಬೇಕು. ಹೊಸ ಬ್ರೇಕ್‌ವಾಟರಿಗೆ ಒಪ್ಪಿಗೆ ಕೊಡುವ ಮೊದಲು ಅದರ ಎರಡೂ ಮಗ್ಗುಲಿನ ಊರುಗಳಲ್ಲಿ ಆಗುವ ಸವೆತವನ್ನು ಅಂದಾಜು ಮಾಡಿ, ಆ ಊರಿನವರಿಗೆ ಬಹಿರಂಗವಾಗಿ ತಿಳಿಸಬೇಕು.